ಕಳೆದುಹೋದ ಬುಧವಾರಗಳ ಲೆಕ್ಕ

ಆಟಿ ತಿಂಗಳ ಒಂದು ಸಂಜೆ. ಕಾರ್ಕಳ ತಾಲೂಕಿನ ನಮ್ಮ ಕುಕ್ಕುಂದೂರಿನ ಜೋಡುರಸ್ತೆಯ ಅಂಗಡಿಗಳು ಹೊತ್ತಿಗೆ ಮೊದಲೇ ಬಾಗಿಲು ಹಾಕುವಂಥ ಮಳೆ. ಏಳೂವರೆಯ ಹೊತ್ತಿಗೆ ಮೊಬೈಲಿಗೆ ಸುದ್ದಿ ಬಂತು: ರೆಡ್ ಅಲರ್ಟ್ ಇರುವುದರಿಂದ ನಾಳೆ ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ರಜೆ. ಪಕ್ಕದ ಮನೆಯ ಹುಡುಗ ಕೂಗಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತು. ಅವನ ಕೂಗು ನಿಲ್ಲುವ ಮೊದಲೇ ಅವನ ಅಕ್ಕ ಕೊಡೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ದ್ವಿತೀಯ ಪಿಯು, ವಿಜ್ಞಾನ. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಒಂದು ನೋಟ್ಸ್ ಪುಸ್ತಕ.

“ಸರ್, ನಾಳೆ ಬುಧವಾರ. ನಮ್ಮ ಬ್ಯಾಚಿಗೆ ಫಿಸಿಕ್ಸ್ ಲ್ಯಾಬ್ ಬುಧವಾರ ಮಾತ್ರ ಇರುವುದು. ಇದು ಸೇರಿ ನಾಲ್ಕನೇ ಬುಧವಾರ ಹೋಯ್ತು. ಗುರುವಾರದ ಬ್ಯಾಚಿನವರು ಆಗಲೇ ಐದು ಪ್ರಯೋಗ ಮುಗಿಸಿದ್ದಾರೆ. ನಮ್ಮದು ಎರಡೇ ಆದದ್ದು.”

ಪುಸ್ತಕ ತೆಗೆದು ತೋರಿಸಿದಳು. ಒಂದೊಂದು ವಿಷಯಕ್ಕೆ ಒಂದೊಂದು ಕಲಂ ಎಳೆದು, ಆದ ಪಿರಿಯಡಿಗೆ ಸರಿ ಗುರುತು, ಹೋದ ಪಿರಿಯಡಿಗೆ ಸೊನ್ನೆ ಹಾಕಿದ್ದಳು. ಕನ್ನಡದ ಕಲಂನಲ್ಲಿ ಒಂದೇ ಸೊನ್ನೆ. ಲ್ಯಾಬಿನ ಕಲಂನಲ್ಲಿ ಮೇಲಿಂದ ಕೆಳಗೆ ಸಾಲುಗಟ್ಟಿದ ಸೊನ್ನೆಗಳು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ಅದರಲ್ಲಿ ಹೆಚ್ಚಿನ ವರ್ಷ ಶಾಲೆಯ ಟೈಮ್ ಟೇಬಲ್ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು. ಆ ಹುಡುಗಿಯ ಪುಟ ನೋಡಿದಾಗ ನನಗೆ ಅನಿಸಿದ್ದು ಇಷ್ಟು: ಇಷ್ಟು ವರ್ಷ ನಾವು ಮಳೆ ರಜೆಯನ್ನು ದಿನದ ಲೆಕ್ಕದಲ್ಲಿ ಎಣಿಸುತ್ತಾ ಬಂದೆವು. ಮಕ್ಕಳಿಗೆ ನಷ್ಟವಾಗುವುದು ವಿಷಯದ ಲೆಕ್ಕದಲ್ಲಿ.

ಟೈಮ್ ಟೇಬಲ್ ಹೇಗೆ ಹುಟ್ಟುತ್ತದೆ ಎಂದು ಹೊರಗಿನವರಿಗೆ ತಿಳಿಯುವುದು ಕಡಿಮೆ. ಮೇ ತಿಂಗಳ ಕೊನೆಯಲ್ಲಿ ಶಾಲೆ ತೆರೆಯುವ ಮುಂಚಿನ ಎರಡು ದಿನ ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ ಹಾಸಿ, ಸ್ಕೇಲಿನಲ್ಲಿ ಮನೆ ಎಳೆದು ಕೂರುತ್ತಿದ್ದೆ. ಪೆನ್ಸಿಲಿನಲ್ಲೇ ಬರೆಯಬೇಕು, ಪೆನ್ನು ಮುಟ್ಟುವಂತಿಲ್ಲ. ಗಣಿತ ಆದಷ್ಟು ಊಟಕ್ಕೆ ಮೊದಲು ಬರಬೇಕು. ಪಿ.ಟಿ. ಎರಡು ತರಗತಿಗೆ ಒಟ್ಟಿಗೆ ಬಿದ್ದರೆ ಮೈದಾನ ಸಾಲುವುದಿಲ್ಲ. ಮೂರನೇ ಭಾಷೆಯಾಗಿ ಕೆಲವರು ಹಿಂದಿ, ಕೆಲವರು ತುಳು ತೆಗೆದುಕೊಂಡಿದ್ದರೆ ಎರಡೂ ಒಂದೇ ಪಿರಿಯಡಿನಲ್ಲಿ ಬೇರೆ ಬೇರೆ ಕೋಣೆಯಲ್ಲಿ ನಡೆಯಬೇಕು. ಅತಿಥಿ ಶಿಕ್ಷಕರು ಸೋಮವಾರ, ಬುಧವಾರ ನಮ್ಮಲ್ಲಿ, ಉಳಿದ ದಿನ ಇನ್ನೊಂದು ಶಾಲೆಯಲ್ಲಿ. ಇಷ್ಟನ್ನೂ ಹೊಂದಿಸುವಾಗ ಯಾವುದೋ ಒಂದು ದಿನಕ್ಕೆ ಗಣಿತ ಎರಡು ಪಿರಿಯಡ್ ಬಂದು ಕೂರುತ್ತದೆ, ಇನ್ನೊಂದು ದಿನಕ್ಕೆ ವಿಜ್ಞಾನ ಬರುವುದೇ ಇಲ್ಲ. ರಬ್ಬರಿನಿಂದ ಒರೆಸಿ ಒರೆಸಿ ಹಾಳೆ ತೆಳ್ಳಗಾಗಿ ಅಲ್ಲಲ್ಲಿ ತೂತು ಬಿದ್ದ ಮೇಲೆ ಪಟ್ಟಿ ನಿಲ್ಲುತ್ತಿತ್ತು. ಆರು ದಿನಗಳು ಸೇರಿದಾಗ ಮಾತ್ರ ಸಮನಾಗಿ ತೂಗುವ ತಕ್ಕಡಿ ಅದು. ಒಂದು ದಿನ ಎತ್ತಿ ಹೊರಗಿಟ್ಟಿರೋ, ಒಂದು ಕಡೆಗೆ ವಾಲುತ್ತದೆ.

ನಮ್ಮ ಊರಿಗೆ ಮಳೆ ಬರುವುದು ಅಲ್ಪಸ್ವಲ್ಪವಲ್ಲ. ಘಟ್ಟದ ಬುಡದಲ್ಲಿರುವ ಕಾರ್ಕಳ, ಹೆಬ್ರಿಯ ಕಡೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮೀರಿ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಆಗಸ್ಟ್ ಒಳಗೆ, ಎಂದರೆ ಪಾಠ ಬಿರುಸಾಗಿ ನಡೆಯಬೇಕಾದ ಮೊದಲ ಅವಧಿಯಲ್ಲಿ. ರಜೆ ಕೊಡಬಾರದು ಎಂದು ನಾನು ಹೇಳುವುದಿಲ್ಲ. ತೋಡು ತುಂಬಿ ಹರಿಯುವಾಗ ಕಾಲುಸಂಕದ ಮೇಲೆ ಮಗುವನ್ನು ದಾಟಿಸಿ ಕಳುಹಿಸಿ ಎಂದು ಯಾವ ಮಾಷ್ಟ್ರೂ ಹೇಳಬಾರದು. ರಜೆ ಬೇಕು. ರಜೆಯ ನಂತರದ ಲೆಕ್ಕ ಸರಿ ಇರಬೇಕು ಎನ್ನುವುದಷ್ಟೇ ನನ್ನ ಮಾತು.

ಈಗ ನಡೆಯುವ ಲೆಕ್ಕ ಹೀಗೆ. ಒಂದು ದಿನ ರಜೆ ಹೋದರೆ ಒಂದು ಶನಿವಾರ ಪೂರ್ತಿ ಶಾಲೆ. ಎಂಟು ದಿನ ಹೋದರೆ ಎಂಟು ಶನಿವಾರ. ಕಾಗದದ ಮೇಲೆ ಸರಿಹೋಯಿತು. ಆದರೆ ಪಿರಿಯಡ್ ಎಣಿಸಿ ನೋಡಿ. ನಾನು ಬರೆಯುತ್ತಿದ್ದ ಪಟ್ಟಿಯಲ್ಲಿ ಸೋಮವಾರದಿಂದ ಶುಕ್ರವಾರ ದಿನಕ್ಕೆ 8 ಪಿರಿಯಡ್, ಶನಿವಾರ ಬೆಳಗ್ಗೆ 5. ಪಿರಿಯಡ್ ಒಂದಕ್ಕೆ 40 ನಿಮಿಷ, ವಾರಕ್ಕೆ ಒಟ್ಟು 45 ಪಿರಿಯಡ್. ಶನಿವಾರದ ಆ 5 ಹೇಗೂ ಇರುವಂಥದ್ದೇ. ಮಧ್ಯಾಹ್ನವೂ ಶಾಲೆ ನಡೆಸಿದರೆ ಹೆಚ್ಚುವರಿಯಾಗಿ ಸಿಗುವುದು 3 ಮಾತ್ರ. ಎಂಟು ದಿನದ ರಜೆಯಲ್ಲಿ ಹೋದದ್ದು 64 ಪಿರಿಯಡ್. ಎಂಟು ಶನಿವಾರದಲ್ಲಿ ಮರಳಿ ಬಂದದ್ದು 24. ಉಳಿದ 40 ಪಿರಿಯಡ್, ಅಂದರೆ ಐದು ಪೂರ್ಣ ದಿನಗಳ ಪಾಠ, ಯಾವ ದಾಖಲೆಯಲ್ಲೂ ಕಾಣಿಸದೆ ಮಳೆನೀರಿನ ಜೊತೆ ಹೋಯಿತು.

ಬಂದ ಆ 24 ಪಿರಿಯಡಿನಲ್ಲಾದರೂ ಏನು ನಡೆಯುತ್ತದೆ? ಅಂದು ಯಾವ ಶಿಕ್ಷಕರಿಗೆ ಬಿಡುವಿತ್ತೋ ಅವರ ಪಾಠ. ಎಂಟು ರಜೆಯಲ್ಲಿ ನಾಲ್ಕು ಸೋಮವಾರವೇ ಬಂತೆಂದುಕೊಳ್ಳಿ. ಸೋಮವಾರ ಗಣಿತ ಎರಡು ಪಿರಿಯಡ್ ಇರುವ ತರಗತಿಗೆ, ಉಳಿದ ನಾಲ್ಕು ದಿನದ ಒಂದೊಂದು ಸೇರಿ, 12 ಪಿರಿಯಡ್ ಗಣಿತ ಹೋಯಿತು. ವಾರಕ್ಕೆ ಆರು ಪಿರಿಯಡಿನಂತೆ ಅದು ಎರಡು ವಾರದ ಗಣಿತ. ಅದೇ ತರಗತಿಯಲ್ಲಿ ಹೆಚ್ಚಾಗಿ ವಾರದ ಕೊನೆಗೆ ಬರುವ ಇನ್ನೊಂದು ವಿಷಯಕ್ಕೆ ಎರಡು ಪಿರಿಯಡ್ ಮಾತ್ರ ನಷ್ಟ. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಗಣಿತ ಗುಣವಾಗುವುದು ಹೇಗೆ? ಮಾರ್ಚಿನಲ್ಲಿ ಕೈಗೆ ಬರುವ ಪ್ರಶ್ನೆಪತ್ರಿಕೆ ಮಾತ್ರ ಎಲ್ಲ ವಿಷಯದ್ದೂ ಪೂರ್ತಿಯಾಗಿಯೇ ಇರುತ್ತದೆ.

ಪಿಯು ಕಾಲೇಜಿನಲ್ಲಿ ಈ ಬಿಗಿ ಇನ್ನೂ ಹೆಚ್ಚು. ಭೌತಶಾಸ್ತ್ರದ ಪೋರ್ಶನ್ನಿಗೆ ಇಟ್ಟಿರುವುದು 120 ಗಂಟೆ. ವಾರಕ್ಕೆ 4 ಗಂಟೆಯಂತೆ 30 ವಾರ ಬೇಕು. ಜೂನ್ ಮೊದಲ ವಾರದಿಂದ ಡಿಸೆಂಬರ್ ಕೊನೆಯವರೆಗೆ ಸರಿಯಾಗಿ 30 ವಾರ ಇವೆ. ದಸರಾ ರಜೆಗೆ ಎರಡೂವರೆ ವಾರ, ಮಧ್ಯವಾರ್ಷಿಕ ಪರೀಕ್ಷೆಗೆ ಒಂದೂವರೆ ವಾರ ತೆಗೆಯಿರಿ, ಉಳಿದದ್ದು 26. ಎಂದರೆ 104 ಗಂಟೆ. ಮಳೆ ಒಂದು ಹನಿ ಬೀಳದಿದ್ದರೂ 16 ಗಂಟೆಯನ್ನು ಜನವರಿಯಿಂದ ಎಳೆದುಕೊಳ್ಳಬೇಕು. 2026ರ ದ್ವಿತೀಯ ಪಿಯು ಪರೀಕ್ಷೆ-1ಕ್ಕೆ ಫೆಬ್ರವರಿ 28ರಿಂದ ಮಾರ್ಚ್ 17 ಎಂದು ದಿನ ಗೊತ್ತುಮಾಡಿದ್ದರು. ಅದಕ್ಕೆ ಮೊದಲು ಪ್ರಾಯೋಗಿಕ ಪರೀಕ್ಷೆ, ಪ್ರಿಪರೇಟರಿ ಎಲ್ಲ ಆಗಬೇಕು. ಇದರ ಮೇಲೆ ಮಳೆ ರಜೆ. ಲ್ಯಾಬ್ ಇರುವ ವಿಷಯಗಳಲ್ಲಿ ಪ್ರಾಯೋಗಿಕಕ್ಕೇ 30 ಅಂಕ, ಲಿಖಿತಕ್ಕೆ 70. ಬಿಟ್ಟುಹೋದ ಪಾಠವನ್ನು ಮನೆಯಲ್ಲಿ ಪುಸ್ತಕ ತೆರೆದೋ ಮೊಬೈಲಿನಲ್ಲಿ ವಿಡಿಯೋ ನೋಡಿಯೋ ಹೇಗಾದರೂ ತುಂಬಿಸಬಹುದು. ಮೀಟರ್ ಬ್ರಿಜ್ಜಿನ ಮೇಲೆ ಜಾಕಿ ಜಾರಿಸಿ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವ ಜಾಗ ಹುಡುಕುವುದನ್ನು ಮನೆಯ ಜಗಲಿಯಲ್ಲಿ ಕಲಿಯಲಾಗದು. ಪಕ್ಕದ ಮನೆಯ ಹುಡುಗಿಗೆ ತಳಮಳ ಇದ್ದದ್ದು ಅದಕ್ಕೇ.

ಇದೇ ವಿಷಯ ನನಗೆ ಬೇರೊಂದು ದಿಕ್ಕಿನಿಂದಲೂ ಎದುರಾಯಿತು. ನಮ್ಮ ನೆಂಟರ ಕುಟುಂಬವೊಂದು ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಅವರ ಮಗಳು ಅಲ್ಲಿ ಹೈಸ್ಕೂಲು. ಅಲ್ಲಿ ಹೈಸ್ಕೂಲೆಂದರೆ ಒಂಬತ್ತರಿಂದ ಹನ್ನೆರಡು, ನಮ್ಮ ಪಿಯು ಅದರೊಳಗೇ ಸೇರಿತು. ಶಾಲೆಯವರು ಟೈಮ್ ಟೇಬಲ್ ಬದಲಿಸಿದ್ದಾರೆ, ಕ್ರೆಡಿಟ್ ಕಡಿಮೆ ಬಿದ್ದೀತೇ ಎಂದು ಅವಳ ಅಮ್ಮ ಫೋನ್ ಮಾಡಿ ಕೇಳಿದಳು. ನನಗೆ ಕ್ರೆಡಿಟ್ ಎಂಬುದರ ತಲೆಬುಡ ಗೊತ್ತಿರಲಿಲ್ಲ. ಓದಿ ತಿಳಿದುಕೊಂಡೆ.

ಕ್ರೆಡಿಟ್ ಅಂದರೆ ಮೂಲದಲ್ಲಿ ಗಂಟೆಯ ಲೆಕ್ಕವೇ. 1906ರಲ್ಲಿ ಅಮೆರಿಕದ ಕಾರ್ನೆಗಿ ಫೌಂಡೇಶನ್ ಕಾಲೇಜು ಅಧ್ಯಾಪಕರಿಗೆ ಪಿಂಚಣಿ ಕೊಡಲು ಹೊರಟಾಗ, ಕಾಲೇಜು ಎಂದು ಯಾವುದನ್ನು ಕರೆಯಬೇಕು, ಅಲ್ಲಿಗೆ ಸೇರುವ ಹುಡುಗ ಹೈಸ್ಕೂಲಿನಲ್ಲಿ ಎಷ್ಟು ಕಲಿತಿರಬೇಕು ಎಂಬ ಪ್ರಶ್ನೆ ಬಂತು. ಅಳತೆಯ ಕೋಲು ಬೇಕಾಯಿತು. ಒಂದು ವಿಷಯವನ್ನು ವರ್ಷವಿಡೀ ತರಗತಿಯಲ್ಲಿ ಕೂತು 120 ಗಂಟೆ ಕಲಿತರೆ ಒಂದು ಯೂನಿಟ್ ಎಂದರು. ನಮ್ಮ ಪಿಯು ಭೌತಶಾಸ್ತ್ರದ 120 ಗಂಟೆಯೂ ಅದೇ ಸಂಖ್ಯೆ ಎಂದು ಕಂಡಾಗ ಕುರ್ಚಿಯಿಂದ ಎದ್ದು ಹೆಂಡತಿಗೆ ಹೇಳಿ ಬಂದೆ. ನ್ಯೂಜೆರ್ಸಿಯಲ್ಲಿ ವರ್ಷಪೂರ್ತಿಯ ಒಂದು ವಿಷಯಕ್ಕೆ 5 ಕ್ರೆಡಿಟ್ ಕೊಟ್ಟು, ನಾಲ್ಕು ವರ್ಷದಲ್ಲಿ ಕನಿಷ್ಠ 120 ಕ್ರೆಡಿಟ್ ಆಗಬೇಕು ಎನ್ನುತ್ತಾರೆ. ಅದರಲ್ಲಿ ಇಂಗ್ಲಿಷಿಗೆ 20, ಗಣಿತಕ್ಕೆ 15, ವಿಜ್ಞಾನಕ್ಕೆ 15, ಹೀಗೆ ಪಾಲು ಗೊತ್ತುಮಾಡಿದೆ. ಟೈಮ್ ಟೇಬಲ್ ಬದಲಾಗಿ ದಿನಕ್ಕೆ ಏಳು ಸಣ್ಣ ಪಿರಿಯಡಿನ ಬದಲು ನಾಲ್ಕು ದೊಡ್ಡ ಪಿರಿಯಡ್ ಬಂದರೂ ಗಂಟೆ ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ. 180 ದಿನ, ದಿನಕ್ಕೆ 45 ನಿಮಿಷ ಎಂದರೆ 135 ಗಂಟೆ. 90 ದಿನ, ದಿನಕ್ಕೆ 90 ನಿಮಿಷ ಎಂದರೂ 135 ಗಂಟೆ. ಹಾಗಾಗಿ ಅವಳಿಗೆ ನಾನು ಹೇಳಿದ್ದು: ಒಟ್ಟು ಕ್ರೆಡಿಟ್ ಕಡಿಮೆ ಬೀಳುವ ಹೆದರಿಕೆ ಬೇಡ, ಯಾವ ವಿಷಯದ ಪಾಲು ಯಾವ ವರ್ಷ ತುಂಬುತ್ತದೆ ಎಂದು ಮಾತ್ರ ಈಗಲೇ ಬರೆದಿಟ್ಟುಕೋ. ಗಣಿತವನ್ನು ಒಂದು ವರ್ಷದ ಮೊದಲರ್ಧದಲ್ಲೇ ಮುಗಿಸಿ, ಮುಂದಿನದನ್ನು ಮರುವರ್ಷದ ಕೊನೆಯರ್ಧದಲ್ಲಿ ತೆಗೆದುಕೊಂಡರೆ ನಡುವೆ ಒಂದು ವರ್ಷ ಗಣಿತವೇ ಮುಟ್ಟದಂತಾಗುತ್ತದೆ. ಆಮೇಲೆ ಕೈ ಹಿಡಿಯುವುದು ಕಷ್ಟ.

ನ್ಯೂಜೆರ್ಸಿಯ ಆ ಹುಡುಗಿಯ ಶಾಲೆಯ ಪಟ್ಟಿ ತರಿಸಿ ನೋಡಿದಾಗ ನನಗೆ ದೊಡ್ಡ ಸಂಗತಿಯೊಂದು ಸಿಕ್ಕಿತು. ಅದರಲ್ಲಿ ಸೋಮವಾರ, ಮಂಗಳವಾರ ಎಂಬ ಹೆಸರೇ ಇಲ್ಲ. ಎ ದಿನ, ಬಿ ದಿನ, ಸಿ ದಿನ, ಡಿ ದಿನ ಎಂದು ಸುತ್ತುತ್ತದೆ. ಇಂದು ಬಿ ದಿನವಾಗಿದ್ದರೆ ಶಾಲೆ ತೆರೆಯುವ ಮುಂದಿನ ದಿನ ಸಿ. ನಡುವೆ ಹಿಮ ಬಿದ್ದು ರಜೆ ಬಂದರೆ ಸಿ ದಿನ ಅಲ್ಲೇ ಕಾದಿರುತ್ತದೆ, ಬಾಗಿಲು ತೆರೆದ ಕೂಡಲೇ ಅದೇ ನಡೆಯುತ್ತದೆ. ಯಾವ ವಿಷಯವೂ ಇನ್ನೊಂದಕ್ಕಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ. ನಮಗೆ ಮಳೆ ಏನು ಮಾಡುತ್ತದೋ ಅವರಿಗೆ ಹಿಮ ಅದನ್ನೇ ಮಾಡುತ್ತದೆ, ಅದಕ್ಕೆ ಒಡ್ಡು ಕಟ್ಟಿಕೊಂಡಿದ್ದಾರೆ.

ಇದು ವಿದೇಶದ ಮಾತು, ನಮಗೆ ಆಗುವುದಲ್ಲ ಎನ್ನಬೇಡಿ. ಚೆನ್ನೈಯ ಲೊಯೋಲಾದಂಥ ಕಾಲೇಜುಗಳಲ್ಲಿ ‘ಡೇ ಆರ್ಡರ್’ ಎಂಬ ಹೆಸರಿನಲ್ಲಿ ಇದೇ ಕ್ರಮ ಉಂಟು. ಅಲ್ಲಿನ ಮಕ್ಕಳು “ಇವತ್ತು ಯಾವ ವಾರ” ಎಂದು ಕೇಳುವುದಿಲ್ಲ, “ಇವತ್ತು ಎಷ್ಟನೇ ಆರ್ಡರ್” ಎಂದು ಕೇಳುತ್ತಾರೆ. ಕಾರ್ಕಳ, ಹೆಬ್ರಿ, ಕಾಪು, ಉಡುಪಿಯ ಶಾಲೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗಾದರೂ ಇದನ್ನು ಯಾಕೆ ತರಬಾರದು? ಸೋಮವಾರದಿಂದ ಶುಕ್ರವಾರದ ಐದು ದಿನಗಳ ಪಟ್ಟಿಗೆ ಒಂದರಿಂದ ಐದು ಅಂಕಿ ಕೊಡಿ. ಶನಿವಾರ ಹೇಗಿದೆಯೋ ಹಾಗೇ ಇರಲಿ. ಮೂರನೇ ದಿನದ ಪಟ್ಟಿ ನಡೆಯಬೇಕಾದ ಬುಧವಾರ ರಜೆ ಬಂದರೆ ಗುರುವಾರ ಮೂರನೇ ದಿನ. ಸಾಧ್ಯವಾಗದ ಸಂಗತಿ ಏನೂ ಇಲ್ಲ. ಪ್ರಾರ್ಥನೆಯ ಹೊತ್ತಿಗೆ ಬೋರ್ಡಿನ ಮೇಲೆ ಒಂದು ಅಂಕಿ ಬರೆದರೆ ಸಾಕು.

ತೊಡಕು ಇಲ್ಲವೆಂದಲ್ಲ. ಎರಡು ಶಾಲೆಗೆ ಓಡಾಡುವ ಅತಿಥಿ ಶಿಕ್ಷಕರಿಗೆ ವಾರ ಗೊತ್ತಾಗಿರಬೇಕು, ಅಂಕಿ ಅವರಿಗೆ ಹೊಂದುವುದಿಲ್ಲ. ಒಂದೇ ತಾಲೂಕಿನ ಶಾಲೆಗಳೆಲ್ಲ ಒಟ್ಟಿಗೆ ಈ ಕ್ರಮಕ್ಕೆ ಬಂದರೆ ಅದು ಬಗೆಹರಿಯುತ್ತದೆ, ರಜೆ ಹೆಚ್ಚಾಗಿ ತಾಲೂಕಿಗೆ ಒಂದೇ ಬರುವುದರಿಂದ ಎಲ್ಲ ಶಾಲೆಯಲ್ಲೂ ಒಂದೇ ಅಂಕಿ ನಡೆಯುತ್ತದೆ. ಗಡಿಯಲ್ಲಿ ಮಾತ್ರ ಎಡವಟ್ಟು. ಹೆಬ್ರಿ ಈಗ ಬೇರೆ ತಾಲೂಕು. ಕೆಲವೊಮ್ಮೆ ಹೆಬ್ರಿಗೆ ರಜೆ, ಕಾರ್ಕಳಕ್ಕೆ ಇಲ್ಲ. ಅಲ್ಲಿಂದ ಬಸ್ಸು ಹತ್ತಿ ಇಲ್ಲಿಗೆ ಬರುವ ಮಗು ಏನು ಮಾಡಬೇಕು? ಮನೆಯಲ್ಲಿ ಉಳಿದರೆ ಗೈರುಹಾಜರಿ. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕೆಂಬ ನಿಯಮ ಉಂಟು. ಇಂಥ ಮಕ್ಕಳ ಹೆಸರನ್ನು ಮುಖ್ಯೋಪಾಧ್ಯಾಯರು ಬೇರೆಯೇ ಬರೆದಿಟ್ಟುಕೊಂಡು, ಆ ದಿನದ ಗೈರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನ್ಯಾಯ.

ಡೇ ಆರ್ಡರಿನಿಂದ ನಷ್ಟ ಸಮನಾಗಿ ಹಂಚಿಹೋಗುತ್ತದೆ, ಕಡಿಮೆಯಾಗುವುದಿಲ್ಲ. ಗಂಟೆ ತುಂಬಿಸುವ ಕೆಲಸ ಉಳಿದೇ ಉಳಿಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆ, 2009ರದ್ದು, ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ ಮತ್ತು 1000 ಗಂಟೆ ಪಾಠ ಆಗಬೇಕು ಎಂದು ಎರಡನ್ನೂ ಹೇಳಿದೆ. ದಿನವನ್ನು ನಾವು ಹಿಡಿದುಕೊಂಡೆವು, ಗಂಟೆಯನ್ನು ಬಿಟ್ಟೆವು. ನೆರೆಯ ಕೇರಳ 2025ರ ಜೂನ್‌ನಲ್ಲಿ ಹಿಡಿದದ್ದು ಗಂಟೆಯ ದಾರಿ. ಎಂಟರಿಂದ ಹತ್ತನೇ ತರಗತಿಯವರೆಗೆ ಶುಕ್ರವಾರ ಬಿಟ್ಟು ಉಳಿದ ದಿನ ಬೆಳಗ್ಗೆ 15 ನಿಮಿಷ, ಸಂಜೆ 15 ನಿಮಿಷ ಹೆಚ್ಚಿಸಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರೊಳಗೆ ಬಂದರು. ಬೆಳಗ್ಗೆ ಮದ್ರಸಕ್ಕೆ ಹೋಗಿ ಬರುವ ಮಕ್ಕಳಿಗೆ ಹೊತ್ತು ಸಾಲದೆಂಬ ಆಕ್ಷೇಪ ಎದ್ದಿತು. ಅದು ಕೇಳಬೇಕಾದ ಆಕ್ಷೇಪವೇ. ಆದರೂ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಎರಡು ಗಂಟೆ ಎಂದರೆ 40 ನಿಮಿಷದ ಮೂರು ಪಿರಿಯಡ್, ನಮ್ಮ ಒಂದು ಶನಿವಾರ ಮಧ್ಯಾಹ್ನಕ್ಕೆ ಸಮ. ಅಲ್ಲಿ ಆಗ ಶಿಕ್ಷಣ ಸಚಿವರಾಗಿದ್ದ ವಿ. ಶಿವನ್‌ಕುಟ್ಟಿ ಅದೇ ವರ್ಷದ ಜುಲೈ ಕೊನೆಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಏಪ್ರಿಲ್-ಮೇ ರಜೆಯನ್ನು ಜೂನ್-ಜುಲೈಗೆ ಬದಲಿಸಬಹುದೇ ಎಂದು ಜನರ ಮುಂದೆ ಪ್ರಶ್ನೆ ಇಟ್ಟರು. ಕರಾವಳಿಯ ಏಪ್ರಿಲ್ ಬಿಸಿಲಿನಲ್ಲಿ, ಸಿಮೆಂಟ್ ಶೀಟಿನ ಕೆಳಗೆ ಮಕ್ಕಳನ್ನು ಕೂರಿಸುವುದು ನನಗೆ ಒಪ್ಪಿಗೆ ಇಲ್ಲ. ಚರ್ಚೆಯಾದರೂ ನಡೆಯಿತಲ್ಲ ಎಂಬುದೇ ನನಗೆ ಸಮಾಧಾನ. ನಮ್ಮಲ್ಲಿ ಬೀದರಿಗೂ ಕುಕ್ಕುಂದೂರಿಗೂ ಒಂದೇ ವೇಳಾಪಟ್ಟಿ, ಒಂದೇ ದಸರಾ ರಜೆ.

ಶನಿವಾರ ಮಧ್ಯಾಹ್ನದ ಮೂರು ಪಿರಿಯಡನ್ನು ಯಾರಿಗೆ ಕೊಡಬೇಕು ಎಂಬುದಕ್ಕೆ ನನ್ನ ಅನುಭವದ ಉತ್ತರ ಸರಳ. ಹೆಚ್ಚು ಕಳೆದುಕೊಂಡ ವಿಷಯಕ್ಕೆ. ತಿಂಗಳ ಕೊನೆಗೆ ಸ್ಟಾಫ್ ಮೀಟಿಂಗಿನಲ್ಲಿ ತರಗತಿವಾರು ಒಂದು ಹಾಳೆ ಓದಿ: ಗಣಿತ ಇಷ್ಟು ಹೋಗಿದೆ, ವಿಜ್ಞಾನ ಇಷ್ಟು, ಹಿಂದಿ ಇಷ್ಟು. ಅದರ ಮೇಲೆ ಮುಂದಿನ ಶನಿವಾರಗಳನ್ನು ಹಂಚಿ. ಒಮ್ಮೆ ನಾನಿದ್ದ ಒಂದು ಶಾಲೆಯಲ್ಲಿ ಈ ಹಾಳೆ ಇಲ್ಲದೆ ಶನಿವಾರಗಳನ್ನೆಲ್ಲ ಗಣಿತವೇ ನುಂಗಿತ್ತು, ನುಂಗಿದವನು ನಾನೇ. ಆ ವರ್ಷ ಹೆಚ್ಚು ಪಿರಿಯಡ್ ಕಳೆದುಕೊಂಡದ್ದು ಇಂಗ್ಲಿಷ್ ಎಂದು ಗೊತ್ತಾದದ್ದು ಫಲಿತಾಂಶ ಬಂದ ಮೇಲೆ. ಇಂಗ್ಲಿಷಿನಲ್ಲಿ ಬಿದ್ದ ಮಕ್ಕಳ ಮುಖ ಇನ್ನೂ ನೆನಪಿದೆ.

ಶನಿವಾರದ ಬಗ್ಗೆ ಇನ್ನೆರಡು ಮಾತು. ಅಂದು ಮಧ್ಯಾಹ್ನದ ಮೇಲೂ ಮಕ್ಕಳನ್ನು ನಿಲ್ಲಿಸುವುದಾದರೆ ಅಕ್ಷರ ದಾಸೋಹದ ಅಡುಗೆಯವರಿಗೆ ಮೊದಲೇ ತಿಳಿಸಬೇಕು, ಹಸಿದ ಹೊಟ್ಟೆಗೆ ಬೀಜಗಣಿತ ಇಳಿಯುವುದಿಲ್ಲ. ಬಸ್ಸು ಇನ್ನೊಂದು. ನಮ್ಮ ಕಡೆ ಮಕ್ಕಳು ನಂಬಿರುವುದು ಖಾಸಗಿ ಬಸ್ಸನ್ನು. ಶನಿವಾರ ಸಂಜೆ ಅಜೆಕಾರು, ಬೈಲೂರು ಕಡೆಯ ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ಕೇಳದೆ ಕೊನೆಯ ಪಿರಿಯಡ್ ಇಟ್ಟರೆ, ಮಕ್ಕಳು ಆ ಪಿರಿಯಡಿನಲ್ಲಿ ಕೂರುವುದು ಕಿಟಕಿಯ ಕಡೆ ಮುಖ ಹಾಕಿಯೇ.

ಮಳೆಯೊಂದೇ ಅಲ್ಲ, ಪಟ್ಟಿ ಬದಲಾಗಲು ಬೇರೆ ಕಾರಣಗಳೂ ಬರುತ್ತವೆ. 2025ರ ದಸರಾದಲ್ಲಿ ಸರ್ಕಾರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆಗೆ ಕಳುಹಿಸಿತು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ರಜೆ ಸರ್ಕಾರಿ, ಅನುದಾನಿತ ಶಾಲೆಗಳಿಗೆ 18ರವರೆಗೆ ಹೋಯಿತು. ಹೋದ ಪಾಠಕ್ಕೆ ವಿಶೇಷ ತರಗತಿ ಮಾಡಬೇಕೆಂದರು. ಖಾಸಗಿ ಶಾಲೆಯ ಮಗು ಆ ದಿನಗಳಲ್ಲಿ ಪಾಠ ಕೇಳುತ್ತಿತ್ತು, ಸರ್ಕಾರಿ ಶಾಲೆಯ ಮಗು ಮನೆಯಲ್ಲಿತ್ತು. ಮಾರ್ಚಿನಲ್ಲಿ ಇಬ್ಬರಿಗೂ ಪ್ರಶ್ನೆಪತ್ರಿಕೆ ಒಂದೇ. ಅದೇ ಅಕ್ಟೋಬರಿನಲ್ಲಿ ಪಾಸಾಗುವ ಅಳತೆಯನ್ನೂ ಇಳಿಸಿದರು: ಎಸ್ಸೆಸ್ಸೆಲ್ಸಿಗೆ 625ರಲ್ಲಿ 206, ಪಿಯುಗೆ 600ರಲ್ಲಿ 198, ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30. ಇದನ್ನು ಕೇಳಿ ಸಮಾಧಾನಪಟ್ಟವರು ಒಂದು ಕೂಡಿಸುವ ಲೆಕ್ಕ ಮಾಡಲಿ. ಆ ಅಳತೆಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ 30ಕ್ಕೆ ನಿಂತ ಎಸ್ಸೆಸ್ಸೆಲ್ಸಿ ಮಗುವಿಗೆ ಉಳಿದ ನಾಲ್ಕು ವಿಷಯದಿಂದ 146 ಬೇಕು. ಎಲ್ಲದರಲ್ಲೂ ಶೇ. 30ಕ್ಕೆ ನಿಂತರೆ ಒಟ್ಟು ಕೂಡುವುದೇ ಇಲ್ಲ.

2023-24ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ಕ್ರಮ ಬಂದದ್ದು ಒಳ್ಳೆಯದಾಯಿತು, ಬರೆದದ್ದರಲ್ಲಿ ಹೆಚ್ಚು ಬಂದ ಅಂಕ ಉಳಿಯುತ್ತದೆ. ಆದರೆ ಪೋರ್ಶನ್ ಮುಗಿಯಲಿಲ್ಲ, ಪರೀಕ್ಷೆ-2 ಉಂಟಲ್ಲ ಎಂದು ಡಿಸೆಂಬರಿನಲ್ಲೇ ಹೇಳುವ ಮಕ್ಕಳನ್ನು ಕಂಡರೆ ನನಗೆ ಆತಂಕ. ಪಿಯು ಮುಗಿಸಿದವರಿಗೆ ಏಪ್ರಿಲ್ ತಿಂಗಳಲ್ಲಿ ಸಿಇಟಿ ಬರುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಂದರ ತಯಾರಿಯನ್ನು ಇನ್ನೊಂದರ ತಿಂಗಳಿಗೆ ತಳ್ಳಿದರೆ ಎರಡೂ ಕೈಬಿಡುತ್ತವೆ. ಮೊದಲ ಪಿಯು ಆಟದ ವರ್ಷ ಎಂಬ ಮಾತು ಇನ್ನೂ ಬಳಕೆಯಲ್ಲಿದೆ. 2021ರಲ್ಲಿ ಕೊರೋನದಿಂದ ಪಿಯು ಪರೀಕ್ಷೆ ರದ್ದಾದಾಗ ಫಲಿತಾಂಶ ಕಟ್ಟಿದ್ದು ಎಸ್ಸೆಸ್ಸೆಲ್ಸಿಯ ಶೇ. 45, ಮೊದಲ ಪಿಯುವಿನ ಶೇ. 45, ಆಂತರಿಕ ಮೌಲ್ಯಮಾಪನದ ಶೇ. 10 ಸೇರಿಸಿ. ಆಟದ ವರ್ಷ ಎಂದುಕೊಂಡವರು ಆಗ ಹಳೆಯ ಅಂಕಪಟ್ಟಿ ಹುಡುಕಿ ಅತ್ತರು.

ಕ್ರೆಡಿಟ್ ಎಂಬ ಶಬ್ದ ನಮ್ಮ ಶಾಲೆ, ಪಿಯು ಅಂಕಪಟ್ಟಿಗೆ ಇನ್ನೂ ಬಂದಿಲ್ಲ. ಬಾಗಿಲ ಬಳಿ ಮಾತ್ರ ಬಂದು ನಿಂತಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 1200 ಗಂಟೆಯ ಕಲಿಕೆಗೆ 40 ಕ್ರೆಡಿಟ್ ಎಂದಿದೆ. 30 ಗಂಟೆಗೆ ಒಂದು. ತರಗತಿಯ ಜೊತೆ ಲ್ಯಾಬ್, ಆಟ, ಮನೆಕೆಲಸದ ಹೊತ್ತನ್ನೂ ಅದು ಗಂಟೆಯೊಳಗೆ ಸೇರಿಸಿಕೊಳ್ಳುತ್ತದೆ, ಮೌಲ್ಯಮಾಪನ ಆಗದೆ ಕ್ರೆಡಿಟ್ ಸಿಗುವುದಿಲ್ಲ. ಅದರ ಕೋಲಿನಿಂದ ಅಳೆದರೆ ನಮ್ಮ ಭೌತಶಾಸ್ತ್ರದ ತರಗತಿಯ ಪಾಠವೊಂದೇ 4 ಕ್ರೆಡಿಟ್. ಲ್ಯಾಬ್ ವಾರಕ್ಕೆ ಎರಡು ಗಂಟೆಯಂತೆ 30 ವಾರಕ್ಕೆ 60 ಗಂಟೆ, ಇನ್ನೆರಡು. ನಾಲ್ಕು ಬುಧವಾರ ಕಳೆದುಕೊಂಡವಳಿಗೆ 8 ಗಂಟೆ, ಕಾಲು ಕ್ರೆಡಿಟ್ಟಿಗಿಂತ ಹೆಚ್ಚು ಕೊರತೆ. ನಾಳೆ ಈ ಲೆಕ್ಕ ನಮ್ಮ ರಾಜ್ಯಕ್ಕೆ ಬಂದಾಗ ನಡೆಯದ ಪಾಠಕ್ಕೆ ನಡೆದಿದೆ ಎಂದು ಗುರುತು ಹಾಕುವ ಚಾಳಿ ಅದರೊಳಗೆ ನುಸುಳದಿರಲಿ ಎಂದು ನನ್ನ ಆಸೆ. ಪಕ್ಕದ ಮನೆಯ ಹುಡುಗಿ ತಾನಾಗಿ ಇಟ್ಟಂಥ ಪುಸ್ತಕ ಪ್ರತಿ ತರಗತಿಯ ಲೀಡರಿನ ಕೈಯಲ್ಲಿ ಇದ್ದರೆ ಆ ಹೆದರಿಕೆ ಅರ್ಧ ಕಡಿಮೆ.

ನಮ್ಮ ಕುಕ್ಕುಂದೂರಿನಲ್ಲಿ ಗಣಿತನಗರ ಎಂಬ ಹೆಸರಿನ ಜಾಗವೇ ಉಂಟು. ಜ್ಞಾನಸುಧಾ ಸಂಸ್ಥೆಗಳು ಇರುವುದು ಅಲ್ಲಿ. ದೂರದೂರುಗಳಿಂದ ಮಕ್ಕಳು ಪಿಯು ಓದಲು ಈ ಸುತ್ತಿಗೆ ಬರುತ್ತಾರೆ. 2025ರ ಪಿಯು ಪರೀಕ್ಷೆ-1ರಲ್ಲಿ ಉಡುಪಿ ಜಿಲ್ಲೆ ಶೇ. 93.90ರೊಂದಿಗೆ ರಾಜ್ಯಕ್ಕೆ ಮೊದಲು ಬಂತು. ಇಷ್ಟು ಮಳೆಯ ನಡುವೆಯೂ ಬಂದ ಫಲ ಅದು, ನನಗೆ ಅಭಿಮಾನವಿದೆ. ಹಾಸ್ಟೆಲಿನಲ್ಲಿದ್ದು ರಜೆಯ ದಿನವೂ ಓದಿನ ಕೋಣೆಯಲ್ಲಿ ಕೂರುವ ಮಗುವಿಗೆ ಮಳೆ ಅಷ್ಟು ತಟ್ಟುವುದಿಲ್ಲ. ಗುಡ್ಡೆಯಾಚೆಯ ಮನೆಯಲ್ಲಿ ಕರೆಂಟಿಲ್ಲದೆ, ನೆಟ್‌ವರ್ಕ್ ಇಲ್ಲದೆ, ಅಮ್ಮ ಕಟ್ಟುವ ಬೀಡಿಗೆ ಎಲೆ ಕತ್ತರಿಸಿಕೊಡುತ್ತಾ ಕೂತ ಮಗುವಿನ ಲೆಕ್ಕ ಬೇರೆ. ಜಿಲ್ಲೆಯ ಶೇಕಡಾವಾರಿನಲ್ಲಿ ಆ ಮಗು ಕಾಣುವುದಿಲ್ಲ.

ಪಕ್ಕದ ಮನೆಯ ಹುಡುಗಿಗೆ ಆ ಸಂಜೆ ನಾನು ಹೇಳಿದ್ದು ಇಷ್ಟು. ಸೊನ್ನೆಗಳ ಪುಟವನ್ನು ಬೇರೆ ಹಾಳೆಗೆ ಚೊಕ್ಕವಾಗಿ ಇಳಿಸು. ಬ್ಯಾಚಿನ ಇನ್ನಿಬ್ಬರನ್ನು ಕರೆದುಕೊಂಡು ಪ್ರಿನ್ಸಿಪಾಲರ ಹತ್ತಿರ ಹೋಗು. ದೂರು ಹೇಳಬೇಡ, ಲೆಕ್ಕ ತೋರಿಸು. ಬರುವ ಶನಿವಾರ ಬುಧವಾರದ ಪಟ್ಟಿ ನಡೆಸಬಹುದಾ ಸರ್ ಎಂದು ಮಾತ್ರ ಕೇಳು.

ಹತ್ತು ದಿನ ಬಿಟ್ಟು ಬಂದಳು. ಶನಿವಾರ ಮಧ್ಯಾಹ್ನ ಎರಡು ಗಂಟೆ ಲ್ಯಾಬ್ ಕೊಟ್ಟಿದ್ದಾರೆ, ಅಟೆಂಡರಣ್ಣ ಬರಲು ಒಪ್ಪಿದ್ದಾರೆ, ಸತತ ಮೂರು ಶನಿವಾರ. ಮೊದಲ ದಿನವೇ ಮೀಟರ್ ಬ್ರಿಜ್ ಮಾಡಿದಳಂತೆ. “ಮುಳ್ಳು ಸೊನ್ನೆಗೆ ನಿಲ್ಲಲಿಕ್ಕೆ ಎಷ್ಟು ಹೊತ್ತು ಬೇಕಾಯ್ತು ಗೊತ್ತುಂಟಾ ಸರ್” ಎಂದಳು. ಪುಸ್ತಕ ತೆರೆದು ಲ್ಯಾಬಿನ ಕಲಂ ತೋರಿಸಿದಳು. ಸೊನ್ನೆಯನ್ನು ಅಳಿಸಿರಲಿಲ್ಲ. ಅದರ ಪಕ್ಕದಲ್ಲೇ ಸಣ್ಣದಾಗಿ ಒಂದು ಸರಿ ಗುರುತು, ಕೆಳಗೆ ತಾರೀಕು.